ಇಪ್ಪತ್ತು ಹೆಸರು ಹೇಳಿದ ನಟ

'12 ಆ್ಯಂಗ್ರಿ ಮೆನ್' ನೋಡಿದೀರಾ? 1957ರ ಸಿನಿಮಾ. ಹನ್ನೆರಡು ಜನ ಜ್ಯೂರಿಗಳು, ಒಂದೇ ಕೋಣೆ. ಆರೋಪಿ ಹುಡುಗನಿಗೆ ಶಿಕ್ಷೆ ಆಗಲೇಬೇಕು ಅಂತ ಕಡೇವರೆಗೂ ಪಟ್ಟು ಹಿಡಿದು, ಆಮೇಲೆ ತನ್ನ ಮಗನ ಫೋಟೋ ಹರಿದು ಅಳ್ತಾನಲ್ಲ, ಆ ಮೂರನೇ ಜ್ಯೂರಿಯೇ ಲೀ ಜೆ. ಕಾಬ್. 'ಏಕ್ ರುಕಾ ಹುವಾ ಫೈಸ್ಲಾ'ದಲ್ಲಿ ಪಂಕಜ್ ಕಪೂರ್ ಮಾಡಿದ್ದು ಇದೇ ಪಾತ್ರ.

ಕಾಬ್ ಹುಟ್ಟಿದ್ದು 1911ರಲ್ಲಿ, ನ್ಯೂಯಾರ್ಕಿನ ಯಹೂದಿ ಕುಟುಂಬದಲ್ಲಿ. 1935ರಲ್ಲಿ ಗ್ರೂಪ್ ಥಿಯೇಟರ್ ಸೇರಿದರು. 1949ರ ಫೆಬ್ರವರಿಯಲ್ಲಿ ಆರ್ಥರ್ ಮಿಲ್ಲರ್ ಬರೆದ 'ಡೆತ್ ಆಫ್ ಎ ಸೇಲ್ಸ್‌ಮನ್' ಬ್ರಾಡ್‌ವೇ ರಂಗಕ್ಕೆ ಬಂತು. ಅರವತ್ತು ದಾಟಿದ ವಿಲ್ಲಿ ಲೋಮನ್ ಆಗಿ ನಿಂತ ಕಾಬ್‌ಗೆ ಆಗ ಬರೀ 37 ವರ್ಷ! ನಿರ್ದೇಶಕ ಎಲಿಯಾ ಕಜಾನ್. ನಾಟಕಕ್ಕೆ ಪುಲಿಟ್ಜರ್ ಬಂತು, 742 ಪ್ರದರ್ಶನ ಆಯ್ತು.

ಎರಡೇ ವರ್ಷ. ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ಜೋರಾಗಿತ್ತು. 1951ರಲ್ಲಿ ನಟ ಲ್ಯಾರಿ ಪಾರ್ಕ್ಸ್ ಸಂಸತ್ತಿನ ಸಮಿತಿಯ ಮುಂದೆ ಹೇಳಿದ ಹೆಸರುಗಳಲ್ಲಿ ಕಾಬ್ ಹೆಸರೂ ಇತ್ತು. ಎರಡು ವರ್ಷ ಅವರು ಬಗ್ಗಲಿಲ್ಲ. ಕೆಲಸ ಹೋಯ್ತು. ಕೈ ಬರಿದಾಯ್ತು. ಹೆಂಡತಿ ಆಸ್ಪತ್ರೆ ಸೇರಿದರು. ಮನೆಯಲ್ಲಿ ಮಕ್ಕಳು. 1953ರಲ್ಲಿ ಕಾಬ್ ಸಮಿತಿ ಮುಂದೆ ಕೂತು ಇಪ್ಪತ್ತು ಹೆಸರು ಹೇಳಿದರು.

ಕೆಲಸ ಮತ್ತೆ ಸಿಕ್ತು. 1954ರಲ್ಲಿ 'ಆನ್ ದಿ ವಾಟರ್‌ಫ್ರಂಟ್' ಬಂತು. ಹಡಗುಕಟ್ಟೆಯ ಕಾರ್ಮಿಕನೊಬ್ಬ ರೌಡಿ ಯೂನಿಯನ್ ನಾಯಕನ ವಿರುದ್ಧ ಸಾಕ್ಷಿ ಹೇಳೋ ಕಥೆ. ನಿರ್ದೇಶಕ ಕಜಾನ್, ಚಿತ್ರಕಥೆ ಬರೆದ ಬಡ್ ಶುಲ್‌ಬರ್ಗ್, ಇಬ್ಬರೂ ಅದೇ ಸಮಿತಿಗೆ ಹೆಸರು ಕೊಟ್ಟವರೇ. ಸಾಕ್ಷಿ ಹೇಳೋನೇ ಅಲ್ಲಿ ಹೀರೋ. ಆ ರೌಡಿ ನಾಯಕನ ಪಾತ್ರ ಯಾರದ್ದು ಗೊತ್ತಾ? ಕಾಬ್‌ದು! ಚಿತ್ರಕ್ಕೆ ಎಂಟು ಆಸ್ಕರ್. ಕಾಬ್‌ಗೆ ನಾಮನಿರ್ದೇಶನ ಮಾತ್ರ. 1955ರಲ್ಲಿ ಹೃದಯಾಘಾತವಾದಾಗ ಆಸ್ಪತ್ರೆ ಬಿಲ್ ಕಟ್ಟಿದ್ದು ಗಾಯಕ ಫ್ರಾಂಕ್ ಸಿನಾತ್ರಾ.

ಇನ್ನೊಂದು ಕಡೆ ಮಿಲ್ಲರ್. 1956ರಲ್ಲಿ ಅವರನ್ನೂ ಕರೆದರು. ಬೇರೆಯವರ ಹೆಸರು ಹೇಳಲ್ಲ ಅಂದರು. ಮರುವರ್ಷ ಕೋರ್ಟು ತಪ್ಪಿತಸ್ಥ ಅಂದಿತು. 1958ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಹಾಗಾದ್ರೆ ಮಿಲ್ಲರ್ ವೀರ, ಕಾಬ್ ಹೇಡಿ ಅಂತ ತೀರ್ಪು ಬರೆದುಬಿಡೋಣವಾ? ಅಷ್ಟು ಸುಲಭ ಇಲ್ಲ ಸ್ವಾಮಿ. ಹಾಗಂತ ಆ ಇಪ್ಪತ್ತು ಜನಕ್ಕೂ ಮನೆ-ಮಕ್ಕಳು ಇರಲಿಲ್ವಾ? ಅದನ್ನೂ ಕೇಳಲೇಬೇಕು.

ಆದರೆ ಮೊದಲು ಇದನ್ನು ಗಮನಿಸಿ. ಆ ಸಮಿತಿಗೆ ಬಹುಪಾಲು ಹೆಸರುಗಳು ಮೊದಲೇ ಗೊತ್ತಿದ್ದವು. ಮತ್ಯಾಕೆ ಕೇಳಿದರು? ಅವರಿಗೆ ಬೇಕಿದ್ದದ್ದು ಮಾಹಿತಿ ಅಲ್ಲ, ಮಂಡಿ ಊರೋದು. ಗೆಳೆಯನ ಹೆಸರು ಒಮ್ಮೆ ಬಾಯಿಂದ ಬಂದ್ರೆ ಸಾಕು, ಆ ಮನುಷ್ಯ ಮುಂದೆ ಯಾರ ಪರವಾಗಿಯೂ ಎದ್ದು ನಿಲ್ಲಲಾರ.

1966ರಲ್ಲಿ ಕಾಬ್ ಟೀವಿಗಾಗಿ ಮತ್ತೆ ವಿಲ್ಲಿ ಲೋಮನ್ ಆದರು. 1973ರ 'ದಿ ಎಕ್ಸಾರ್ಸಿಸ್ಟ್'ನಲ್ಲಿ ಪತ್ತೇದಾರನಾದರು. 1976ರಲ್ಲಿ, 64ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ನಟನೆಯ ಮಾತು ಬಂದಾಗಲೆಲ್ಲ ಆ ಇಪ್ಪತ್ತು ಹೆಸರಿನ ಲೆಕ್ಕವೂ ಬರುತ್ತೆ. ಬರಲಿ. ಆದರೆ 1953ರಲ್ಲಿ ಆ ಸಮಿತಿಯ ಅಧ್ಯಕ್ಷನಾಗಿದ್ದವನು ಹೆರಾಲ್ಡ್ ವೆಲ್ಡೆ. ಕೇಳಿದೀರಾ ಈ ಹೆಸರು? ಇಲ್ಲ, ಅಲ್ವಾ? ಉತ್ತರ ಕೊಟ್ಟವನನ್ನು ಇತಿಹಾಸ ಹಿಡಿದಿಟ್ಟುಕೊಂಡಿದೆ. ಪ್ರಶ್ನೆ ಕೇಳಿದವನು ತಪ್ಪಿಸಿಕೊಂಡಿದ್ದಾನೆ. ಪ್ರಶ್ನೆ ಕೇಳೋದನ್ನೇ ಕಸುಬು ಮಾಡಿಕೊಂಡ ನಮ್ಮಂಥವರು ಇದನ್ನು ಮರೀಬಾರದು.