ಐದು ಡಾಲರು ದಂಡ

ದಾಕು ಹಾಕುವವರು ಬಂದರೆಂದು ಮಕ್ಕಳನ್ನು ಅಡಗಿಸಿಟ್ಟ ಕಥೆಗಳನ್ನು ನೀವು ಹಿರಿಯರಿಂದ ಕೇಳಿರಬಹುದು. ಅಮೆರಿಕದಲ್ಲಿ ಇಂಥದೇ ಹಟವೊಂದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

1902ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಡ್ಜ್ ನಗರದಲ್ಲಿ ಸಿಡುಬು ಹಬ್ಬಿದಾಗ, ಐದು ವರ್ಷಗಳಿಂದೀಚೆಗೆ ದಾಕು ಹಾಕಿಸಿಕೊಳ್ಳದವರೆಲ್ಲ ಹಾಕಿಸಿಕೊಳ್ಳತಕ್ಕದ್ದೆಂದು ಆರೋಗ್ಯ ಮಂಡಲಿ ಆಜ್ಞೆ ಹೊರಡಿಸಿತು. ಪಾದ್ರಿ ಹೆನ್ನಿಂಗ್ ಜೇಕಬ್‌ಸನ್ ಒಲ್ಲೆನೆಂದರು. ಬಾಲ್ಯದಲ್ಲಿ ದಾಕಿನಿಂದ ಬಹಳ ನರಳಿದ್ದೆನೆಂಬುದು ಅವರ ವಾದ. ಆ ಅಂಜಿಕೆಯನ್ನು ನಾವು ಹಾಸ್ಯಮಾಡಬೇಕಾಗಿಲ್ಲ. ದಂಡ 5 ಡಾಲರು. 1905ರಲ್ಲಿ ಏಳು ನ್ಯಾಯಮೂರ್ತಿಗಳು ಆಜ್ಞೆಯನ್ನು ಎತ್ತಿಹಿಡಿದರು, ಇಬ್ಬರು ಒಪ್ಪಲಿಲ್ಲ. ಆದರೂ ಗಮನಿಸಿ: ಕಾನೂನು ದಂಡ ವಿಧಿಸಿತೇ ಹೊರತು ತೋಳು ಹಿಡಿದು ಚುಚ್ಚಲು ಹೇಳಲಿಲ್ಲ.

2022ರ ಜನವರಿಯಲ್ಲಿ ಅದೇ ನ್ಯಾಯಾಲಯ, ಆಸ್ಪತ್ರೆಗಳ ಸಿಬ್ಬಂದಿಗೆ ಕೋವಿಡ್ ಲಸಿಕೆ ಕಡ್ಡಾಯವೆಂಬ ಕೇಂದ್ರ ಸರ್ಕಾರದ ನಿಯಮವನ್ನು 5-4 ಮತಗಳಿಂದ ಜಾರಿಗೆ ಬಿಟ್ಟಿತು. ಶುಶ್ರೂಷೆ ಮಾಡುವವರೇ ರೋಗಿಗೆ ರೋಗ ಅಂಟಿಸಬಾರದೆಂದು ಬಹುಮತದವರ ಮಾತು. ಪಿಡುಗು ಇಳಿದ ಮೇಲೆ, 2023ರಲ್ಲಿ, ಸರ್ಕಾರವೇ ಆ ನಿಯಮವನ್ನು ಹಿಂತೆಗೆದುಕೊಂಡಿತು.