ಗಂಡು ಸಾಲಿನಲ್ಲಿ ಸೊರಗಿ, ಎಲ್ಲ ಕುದುರೆಗಳಲ್ಲಿ ಉಳಿದ ಸೇಂಟ್ ಸೈಮನ್

ಇಂಗ್ಲೆಂಡಿನ ರೇಸ್ ಚರಿತ್ರೆಯಲ್ಲಿ ದೊಡ್ಡ ಹೆಸರು ಮಾಡಿದ ಸೇಂಟ್ ಸೈಮನ್ ಡರ್ಬಿ ಓಡಲಿಲ್ಲ. ಟು ಥೌಸಂಡ್ ಗಿನೀಸ್, ಸೇಂಟ್ ಲೆಜರ್ ಕೂಡ ಓಡಲಿಲ್ಲ. ಓಡಿ ಸೋತದ್ದಂತೂ ಎಲ್ಲೂ ಇಲ್ಲ. ಹಂಗೆರಿ ಮೂಲದ ಪ್ರಿನ್ಸ್ ಬಾಥ್ಯಾನಿ ಸಾಕಿದ ಈ ಕುದುರೆ ಹುಟ್ಟಿದ್ದು 1881ರಲ್ಲಿ. 1883ರ ವಸಂತದಲ್ಲಿ, ನ್ಯೂಮಾರ್ಕೆಟ್ ರೇಸ್‌ಕೋರ್ಸಿನಲ್ಲೇ, ಬಾಥ್ಯಾನಿ ಹೃದಯ ನಿಂತು ಕುಸಿದು ತೀರಿಕೊಂಡರು. ಹೆಸರು ನೋಂದಾಯಿಸಿದ ಮಾಲೀಕ ಸತ್ತರೆ ಅವನ ಕುದುರೆಗಳ ಪ್ರವೇಶವೂ ರದ್ದು ಎನ್ನುವ ನಿಯಮ ಆಗ ಇತ್ತು. ಸತ್ತವನಿಂದ ಪ್ರವೇಶ ಶುಲ್ಕ ವಸೂಲಿ ಮಾಡುವಂತಿಲ್ಲ ಎಂಬುದು ಅದರ ಹಿಂದಿನ ತರ್ಕ. ಪತ್ತೇದಾರಿ ಕಾದಂಬರಿಗಳ ಎಡ್ಗರ್ ವ್ಯಾಲೇಸ್ ಕೋರ್ಟಿನಲ್ಲಿ ತಾನೇ ಪ್ರತಿವಾದಿಯಾಗಿ ನಿಂತು ಈ ನಿಯಮವನ್ನು ಕೆಡವುವ ಹೊತ್ತಿಗೆ 1929 ಬಂದಿತ್ತು.

ಬಾಥ್ಯಾನಿಯ ಕುದುರೆಗಳು ಹರಾಜಿಗೆ ಬಂದಾಗ ಪೋರ್ಟ್‌ಲೆಂಡಿನ ಆರನೆಯ ಡ್ಯೂಕ್ ಈ ಎರಡು ವರ್ಷದ ಗಂಡನ್ನು 1,600 ಗಿನಿಗೆ ಕೊಂಡರು. ಟ್ರೇನರ್ ಮ್ಯಾಥ್ಯೂ ಡಾಸನ್, ಜಾಕಿ ಫ್ರೆಡ್ ಆರ್ಚರ್. ಆರ್ಚರ್ ಒಂದು ಬೆಳಗ್ಗೆ ಅಭ್ಯಾಸದಲ್ಲಿ ಕುದುರೆ ಮಂದವಾಗಿದೆಯೆಂದು ಹಿಮ್ಮಡಿಯ ಮುಳ್ಳನ್ನು ಒಂದಿಷ್ಟು ತಾಕಿಸಿದರು. ಅದು ಎದುರಿಗಿದ್ದ ಬೇರೆ ಲಾಯದ ಕುದುರೆಗಳನ್ನೆಲ್ಲ ಸೀಳಿಕೊಂಡು ನುಗ್ಗಿತು, ಲಗಾಮು ಎಳೆದರೂ ನಿಲ್ಲಲಿಲ್ಲ. ಇದು ಕುದುರೆಯಲ್ಲ, ಉಗಿಯಂತ್ರ ಎಂದು ಆರ್ಚರ್ ಹೇಳಿದರಂತೆ. ಲಾಯದಲ್ಲೂ ಹಾಗೇ: ಮೈ ಉಜ್ಜುವ ಸೈಸ್‌ಗೆ ದಿನವೂ ಜೀವ ಕೈಯಲ್ಲಿ ಹಿಡಿದ ಕೆಲಸ. ಜೊತೆಗಿದ್ದರೆ ಸಮಾಧಾನವಾದೀತೆಂದು ಬೆಕ್ಕೊಂದನ್ನು ಬಿಟ್ಟರೆ ಅದನ್ನು ಕಚ್ಚಿ ಎಸೆದು ಕೊಂದಿತು ಎಂಬ ಕತೆ ಇದೆ. ಕೊನೆಗೆ ಅದು ಹೆದರುತ್ತಿದ್ದದ್ದು ಒಂದಕ್ಕೇ, ಕೋಲಿನ ತುದಿಗೆ ಸಿಕ್ಕಿಸಿದ ಟೋಪಿಗೆ. ಕೊಡೆಯೆಂದು ಭ್ರಮಿಸುತ್ತಿತ್ತೋ ಏನೋ.

1884ರ ಆಸ್ಕಟ್ ಗೋಲ್ಡ್ ಕಪ್ ಎರಡೂವರೆ ಮೈಲಿಯ ರೇಸ್. ಹಿಂದಿನ ವರ್ಷ ಅದನ್ನು ಗೆದ್ದಿದ್ದ ಟ್ರಿಸ್ಟನ್ ಕಣದಲ್ಲಿತ್ತು. ಆರ್ಚರ್‌ಗೆ ತೂಕ ಇಳಿಸಲಾಗದೆ ಚಾರ್ಲ್ಸ್ ವುಡ್ ಏರಿದ್ದರು. ಸೇಂಟ್ ಸೈಮನ್ 20 ಲೆಂತ್, ಅಂದರೆ 20 ಕುದುರೆಗಳ ಉದ್ದದಷ್ಟು, ಮುಂದೆ ಬಂತು. ಗುಡ್‌ವುಡ್ ಕಪ್ಪಿನಲ್ಲಿ, 1883ರ ಸೇಂಟ್ ಲೆಜರ್ ಗೆದ್ದಿದ್ದ ಓಸಿಯನ್ ಎದುರೂ ಅಂತರ 20 ಲೆಂತ್. ಅಲ್ಲಿಗೆ ಕಾಲು ಕೈಕೊಟ್ಟಿತು, ಓಟ ಮುಗಿಯಿತು. ಇಷ್ಟೇ ಆಗಿದ್ದರೆ ಇದು ಹಳೆಯ ರೇಸ್‌ಪ್ರಿಯರ ಹರಟೆಯ ವಸ್ತುವಾಗಿ ಉಳಿಯುತ್ತಿತ್ತು.

ನನ್ನ ಮಟ್ಟಿಗೆ ನಿಜವಾದ ಕತೆ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ, ಡ್ಯೂಕರ ವೆಲ್ಬೆಕ್ ಎಸ್ಟೇಟಿನ ಸ್ಟಡ್‌ನಿಂದ, ಅಂದರೆ ತಳಿ ಬೆಳೆಸುವ ಲಾಯದಿಂದ, ಶುರುವಾಗುತ್ತದೆ. ಆಗ ತಳಿಗಾರರು ಲೆಕ್ಕ ಹಾಕುತ್ತಿದ್ದದ್ದು ಮುಖ್ಯವಾಗಿ ಅಪ್ಪ, ಅಜ್ಜ, ಮುತ್ತಜ್ಜ ಎಂಬ ಗಂಡು ಸಾಲಿನಲ್ಲಿ. ಆ ಸಾಲು ಸೇಂಟ್ ಸೈಮನ್‌ಗೆ ಗಟ್ಟಿಯಾಗಿಯೇ ಇತ್ತು. ಅಪ್ಪ ಗಲಾಪಿನ್ 1875ರ ಡರ್ಬಿ ವಿಜೇತ. ಆದರೆ ಗಲಾಪಿನ್‌ನ ವಂಶವೃಕ್ಷವನ್ನು ಪಕ್ಕಕ್ಕೂ ಓದಬೇಕು. ವೋಲ್ಟೇರ್ ಎಂಬ ಕುದುರೆ ಅದರ ಅಪ್ಪನ ಕಡೆಯೂ ಅಮ್ಮನ ಕಡೆಯೂ ಮೂರನೆಯ ತಲೆಮಾರಿನಲ್ಲಿ ಬರುತ್ತದೆ. 1851ರಲ್ಲಿ ಯಾರ್ಕಿನಲ್ಲಿ ಹಠದ ಜೋಡಿ ಪಂದ್ಯ ಓಡಿದ ವೋಲ್ಟಿಜರ್, ಫ್ಲೈಯಿಂಗ್ ಡಚ್‌ಮನ್ ಇಬ್ಬರೂ ಗಲಾಪಿನ್‌ಗೆ ಅಜ್ಜಂದಿರು. ಊರೆಲ್ಲ ಎರಡು ಪಂಗಡವಾಗಿ ಬಾಜಿ ಕಟ್ಟಿದ್ದ ಎದುರಾಳಿಗಳು ಬೀಗರಾದಂತಾಯಿತು. ಹೀಗೆ ಹತ್ತಿರದ ರಕ್ತ ಕೂಡಿಸುವುದು ಆಗ ತಳಿಗಾರಿಕೆಯ ಮಾಮೂಲು ಜಾಣತನ.

ಸೇಂಟ್ ಸೈಮನ್‌ನ ಮೊದಮೊದಲ ಮರಿಗಳು ಓಟಕ್ಕೆ ಬರುತ್ತಿದ್ದಂತೆ ದರ ಏರಿತು. 50 ಗಿನಿಯಿದ್ದ ಕೂಡಿಕೆ ಶುಲ್ಕ ಮುಂದೆ 500 ಗಿನಿಯಾಯಿತು. 1890ರಿಂದ 1896ರವರೆಗೆ ಸತತ ಏಳು ವರ್ಷ, ಮತ್ತೆ 1900, 1901ರಲ್ಲಿ, ಅದರ ಮಕ್ಕಳು ಗೆದ್ದ ಬಹುಮಾನದ ಮೊತ್ತ ಬೇರಾವ ಕುದುರೆಯ ಮಕ್ಕಳದಕ್ಕಿಂತ ಹೆಚ್ಚು. ಹೆಣ್ಣುಗಳೇ ಮೊದಲು ಮಿಂಚಿದ್ದು. ಹ್ಯಾಂಪ್ಟನ್ ಕೋರ್ಟಿನ ರಾಜಮನೆತನದ ಸ್ಟಡ್‌ನಲ್ಲಿ ಹುಟ್ಟಿದ ಲಾ ಫ್ಲೆಶ್ ಒಂದು ವರ್ಷದ ಮರಿಯಾಗಿದ್ದಾಗಲೇ 5,500 ಗಿನಿಗೆ ಬ್ಯಾರನ್ ಹಿರ್ಷ್ ಪಾಲಾಗಿ, 1892ರಲ್ಲಿ ಒನ್ ಥೌಸಂಡ್ ಗಿನೀಸ್, ಓಕ್ಸ್, ಸೇಂಟ್ ಲೆಜರ್ ಮೂರನ್ನೂ ಗೆದ್ದಿತು. ಹಿರ್ಷ್ ತಮ್ಮ ಕುದುರೆಗಳ ಬಹುಮಾನವನ್ನು ದಾನಕ್ಕೆ ಕೊಡುತ್ತಿದ್ದರು. 1896ರ ಡರ್ಬಿಯಲ್ಲಿ ಕೊನೆಯವರೆಗೆ ಹೋರಾಡಿದ ಪರ್ಸಿಮನ್, ಸೇಂಟ್ ಫ್ರಸ್ಕ್ವಿನ್ ಎರಡೂ ಸೇಂಟ್ ಸೈಮನ್ ಮಕ್ಕಳೇ. ಗೆದ್ದದ್ದು ಪರ್ಸಿಮನ್, ಮಾಲೀಕ ಮುಂದೆ ಏಳನೆಯ ಎಡ್ವರ್ಡ್ ಆದ ಯುವರಾಜ. ರಾಬರ್ಟ್ ಪಾಲ್ ಆ ಓಟವನ್ನು ಚಿತ್ರೀಕರಿಸಿ ಮರುದಿನ ಸಂಜೆಯೇ ಲಂಡನ್ನಿನಲ್ಲಿ ಪರದೆಯ ಮೇಲೆ ತೋರಿಸಿದರು. 1900ರಲ್ಲಂತೂ ಐದು ಕ್ಲಾಸಿಕ್ ರೇಸ್‌ಗಳೂ ಸೇಂಟ್ ಸೈಮನ್ ಮಕ್ಕಳವೇ: ಡೈಮಂಡ್ ಜುಬಿಲಿಗೆ ಮೂರು, ವಿನಿಫ್ರೆಡಾ ಮತ್ತು ಲಾ ರೋಶ್‌ಗೆ ಒಂದೊಂದು.

ಇಷ್ಟು ಗೆದ್ದದ್ದೇ ತೊಂದರೆಯಾಯಿತು. ಒಳ್ಳೆಯ ಹೆಣ್ಣು ಕುದುರೆ ಇದ್ದವರೆಲ್ಲ ವೆಲ್ಬೆಕ್ ಕಡೆ ಓಡಿದ್ದರಿಂದ, ಮುಂದಿನ ತಲೆಮಾರಿನ ಒಳ್ಳೆಯ ಹೆಣ್ಣುಗಳಲ್ಲಿ ಬಹುಪಾಲು ಒಂದೋ ಸೇಂಟ್ ಸೈಮನ್ ಮಗಳು, ಇಲ್ಲವೇ ಮೊಮ್ಮಗಳು. ಅವನ್ನು ಸೇಂಟ್ ಸೈಮನ್ ಮಗನಿಗೇ ಕೂಡಿಸುವುದು ಹೇಗೆ? ಗಂಡುಮಕ್ಕಳಿಗೆ ತಕ್ಕ ಹೆಣ್ಣು ಸಿಗಲಿಲ್ಲ. ಡೈಮಂಡ್ ಜುಬಿಲಿ ಅರ್ಜೆಂಟೀನಾಕ್ಕೆ ಮಾರಾಟವಾಯಿತು, ರಾಬ್ಲೆ ಫ್ರಾನ್ಸಿಗೆ ಹೋಯಿತು. ಮಕ್ಕಳ ಬಹುಮಾನದ ಪಟ್ಟಿಯಲ್ಲಿ ನಾಲ್ಕು ಸಲ ಅಗ್ರಸ್ಥಾನ ಕಂಡ ಪರ್ಸಿಮನ್ 1908ರ ಫೆಬ್ರುವರಿಯಲ್ಲಿ ಸೊಂಟದ ಮೂಳೆ ಮುರಿದು ಸತ್ತಿತು. ಏಪ್ರಿಲ್ 2ರಂದು 27 ವರ್ಷದ ಅಪ್ಪನೂ ಹೋಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಈ ಗಂಡು ಸಾಲು ಸೊರಗಿಹೋಗಿತ್ತು. ಇದನ್ನು ಶಾಪ ಎಂದು ಬರೆದವರುಂಟು. ನನಗದು ಒಪ್ಪಿಗೆಯಿಲ್ಲ, ಅದು ಬರೀ ಲೆಕ್ಕಾಚಾರ.

ತಳಿಗಾರಿಕೆಯ ಚಿಂತನೆ ಇದೇ ಕಾಲದಲ್ಲಿ ದಾರಿ ಬದಲಿಸಿತು. ಆಸ್ಟ್ರೇಲಿಯಾದ ಬ್ರೂಸ್ ಲೋ ಅಮ್ಮಂದಿರ ಸಾಲುಗಳಿಗೆ ಅಂಕಿ ಕೊಟ್ಟ. 1895ರಲ್ಲಿ, ಅವನು ಸತ್ತ ಮೇಲೆ, ಆ ಪುಸ್ತಕ ಬಂದು ಗದ್ದಲವೆಬ್ಬಿಸಿತು. ಅದರಲ್ಲಿ ಗಟ್ಟಿಗಿಂತ ಜೊಳ್ಳೇ ಹೆಚ್ಚು. ಫ್ರೆಂಚ್ ಸೈನ್ಯದ ಕರ್ನಲ್ ವ್ಯುಲಿಯೇ ಮಾಡಿದ ಕೆಲಸಕ್ಕೆ ಹೆಚ್ಚು ತೂಕವಿದೆ. ಶ್ರೇಷ್ಠ ಕುದುರೆಗಳ ವಂಶವನ್ನು ಹನ್ನೆರಡು ತಲೆಮಾರಿನವರೆಗೆ, ಅಂದರೆ 4,096 ಪೂರ್ವಜರ ಮಟ್ಟದವರೆಗೆ ಬಿಡಿಸಿ, ಯಾವ ಹೆಸರು ಎಷ್ಟು ಸಲ, ಎಷ್ಟು ಹತ್ತಿರದಲ್ಲಿ ಬರುತ್ತದೆಂದು ಎಣಿಸಿದ. ಅವನು ಕಂಡ ಪ್ರಮಾಣದಲ್ಲಿ ಗಲಾಪಿನ್‌ಗೆ 405, ಸೇಂಟ್ ಸೈಮನ್‌ಗೆ ಅದಕ್ಕಿಂತ ಹೆಚ್ಚು, 420. ಆಗಾ ಖಾನ್ ಅವನ ಸಲಹೆಯ ಮೇಲೆ ತಮ್ಮ ಸ್ಟಡ್ ಕಟ್ಟಿದರು. ಗಂಡು ಸಾಲು ಒಂದೇ ಸಾಲು. ವಂಶಪಟ್ಟಿಯ ಉಳಿದ ಸಾವಿರಾರು ಮನೆಗಳನ್ನೂ ನೋಡಬೇಕೆಂಬುದು ಇಲ್ಲಿಂದ ಗಟ್ಟಿಯಾಯಿತು.

ಆ ಮನೆಗಳಲ್ಲಿ ಸೇಂಟ್ ಸೈಮನ್ ಎಲ್ಲೆಲ್ಲೂ ಇತ್ತು. ಮಗ ಚಾಸರ್‌ನ ಹೆಣ್ಣುಮಕ್ಕಳಲ್ಲಿ ಸೆಲೀನ್ ಹೈಪೀರಿಯನ್‌ನ ತಾಯಿ, ಸ್ಕಾಪಾ ಫ್ಲೋ ಫಾರೋಸ್‌ನ ತಾಯಿ. ಇಟಲಿಯ ಫೆಡೆರಿಕೊ ಟೆಸಿಯೊ, ತಂದೆ ತಾಯಿ ಎರಡೂ ಕಡೆ ಸೇಂಟ್ ಸೈಮನ್ ರಕ್ತವಿದ್ದ ಆವ್ರೆಸಾಕ್‌ನ ಮಗಳನ್ನು ಫಾರೋಸ್‌ಗೆ ಕೂಡಿಸಿ ನಿಯಾರ್ಕೊ ಪಡೆದ. ಹದಿನಾಲ್ಕಕ್ಕೆ ಹದಿನಾಲ್ಕು ಗೆಲುವು. ಅದೇ ಆವ್ರೆಸಾಕ್‌ನ ಗಂಡು ಸಾಲಿನಲ್ಲಿ ರಿಬೊ ಹುಟ್ಟಿತು, ಹದಿನಾರಕ್ಕೆ ಹದಿನಾರು. ಅದು ಮೊದಲ ರೇಸ್ ಓಡುವ ಮುನ್ನ, 1954ರಲ್ಲೇ, ಟೆಸಿಯೊ ತೀರಿಕೊಂಡಿದ್ದ. ನಿಯಾರ್ಕೊನ ಮೊಮ್ಮಗ ನಾರ್ದರ್ನ್ ಡ್ಯಾನ್ಸರ್‌ನ ರಕ್ತ ಇಂದು ಜಗತ್ತಿನ ಬಹುಪಾಲು ಲಾಯಗಳಲ್ಲಿದೆ. ಬೆಂಗಳೂರು, ಮೈಸೂರಿನ ರೇಸ್‌ಗಳಲ್ಲಿ ಓಡುವ ಥರೋಬ್ರೆಡ್‌ನ ವಂಶಪಟ್ಟಿಯನ್ನು ಸಾಕಷ್ಟು ಹಿಂದಕ್ಕೆ ಎಳೆದರೆ ಸೇಂಟ್ ಸೈಮನ್ ಒಂದಲ್ಲ, ಹಲವು ಸಲ ಎದುರಾಗುತ್ತದೆ.

ಒಂದೇ ಬಾಗಿಲಿಗೆ ಸಾಲು ನಿಲ್ಲುವ ಚಾಳಿ ಮಾತ್ರ ಹೋಗಿಲ್ಲ. ಈಗ ಬೇಡಿಕೆಯ ಗಂಡು ಕುದುರೆಯೊಂದಕ್ಕೆ ಒಂದೇ ಹಂಗಾಮಿನಲ್ಲಿ ನೂರೈವತ್ತಕ್ಕೂ ಹೆಚ್ಚು ಹೆಣ್ಣು ಬರುವುದುಂಟು. ರಕ್ತ ಒಂದೇ ಕಡೆ ಕಟ್ಟಿಕೊಳ್ಳುತ್ತಿದೆಯೆಂದು ಅಮೆರಿಕದ ಜಾಕಿ ಕ್ಲಬ್ 2020ರಲ್ಲಿ, ಆ ವರ್ಷ ಮತ್ತು ಅನಂತರ ಹುಟ್ಟಿದ ಗಂಡುಗಳಿಗೆ ವರ್ಷಕ್ಕೆ 140ರ ಮಿತಿ ಹಾಕಿತು. ಕೆಂಟಕಿಯ ದೊಡ್ಡ ಸ್ಟಡ್‌ಗಳು ಕೋರ್ಟಿಗೆ ಹೋದವು. 2022ರ ಫೆಬ್ರುವರಿಯಲ್ಲಿ ಕ್ಲಬ್ ಮಿತಿಯನ್ನು ಹಿಂದಕ್ಕೆ ಪಡೆಯಿತು.