ಕಂಪನಿ ಕಟ್ಟಿದ್ದನ್ನು ಮೆಕ್ಯಾನಿಕ್ ಬಿಚ್ಚಿದ: ರಾಜ್‌ದೂತ್ 350ರ ಕಥೆ

ಭಾರತದಲ್ಲಿ ಬೈಕಿನ ಎಂಜಿನ್ ಮಾರ್ಪಾಡಿನ ಮಾತು ಬಂದಾಗ ರಾಜ್‌ದೂತ್ 350ಯನ್ನು ಬಿಟ್ಟು ಮುಂದೆ ಹೋಗಲಾಗದು. ವಿಶೇಷವೆಂದರೆ, ಈ ಎಂಜಿನ್ನಿಗೆ ಮೊದಲು ಕೈ ಹಾಕಿದ್ದು ಗಲ್ಲಿಯ ಮೆಕ್ಯಾನಿಕ್ ಅಲ್ಲ, ಅದನ್ನು ಇಲ್ಲಿ ತಯಾರಿಸಿದ ಕಂಪನಿಯೇ.

1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಾಹಾದ ಆರ್‌ಡಿ 350ಬಿ ಬೈಕನ್ನು ರಾಜ್‌ದೂತ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 347 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಆರು ಗೇರ್. ಬುಲೆಟ್ ಮತ್ತು ಮೈಸೂರಿನ ಯೆಜ್ಡಿಗಳೇ ದೊಡ್ಡ ಬೈಕುಗಳೆನಿಸಿದ್ದ ರಸ್ತೆಯಲ್ಲಿ ಇದರ ಓಟವೇ ಬೇರೆ. ಜಪಾನಿನ ಮೂಲ ಎಂಜಿನ್ 39 ಅಶ್ವಶಕ್ತಿಯದು. ಪೆಟ್ರೋಲು ಉಳಿಸಲೆಂದು ಇಲ್ಲಿ ಹೊಗೆ ಹೊರಹೋಗುವ ದಾರಿಯನ್ನು ಬಿಗಿಮಾಡಿ ಅದನ್ನು 30.5ಕ್ಕೆ ಇಳಿಸಿದರು. ಅದೂ ಸಾಲದೆ ಇನ್ನೊಂದು ಮಾದರಿಯಲ್ಲಿ 27ಕ್ಕೆ ತಂದರು. ಮೊದಲನೆಯದು ‘ಹೈ ಟಾರ್ಕ್’, ಎರಡನೆಯದು ‘ಲೋ ಟಾರ್ಕ್’. ಮೂಲ ಬೈಕಿನ ಮುಂದಿನ ಚಕ್ರಕ್ಕಿದ್ದ ಡಿಸ್ಕ್ ಬ್ರೇಕಿನ ಜಾಗಕ್ಕೆ ಡ್ರಮ್ ಬ್ರೇಕ್ ಬಂತು.

ಆದರೂ ಗ್ರಾಹಕ ಒಲಿಯಲಿಲ್ಲ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಮೈಲೇಜನ್ನೇ ಮುಂದಿಟ್ಟುಕೊಂಡು ಬಂದ ಮೇಲೆ, ಬಾಯಾರಿದ ಈ ದೊಡ್ಡ ಬೈಕನ್ನು ಕೇಳುವವರು ಕಡಿಮೆಯಾದರು. 1990ರ ಹೊತ್ತಿಗೆ ಅದರ ಕಾಲ ಮುಗಿದಿತ್ತು. ಅದನ್ನು ಪ್ರೀತಿಸಿದವರಿಗೆ ಮಾತ್ರ ಕಂಪನಿ ಕಟ್ಟಿಹಾಕಿದ್ದ ಆ ಎಂಟೂವರೆಯಿಂದ ಹನ್ನೆರಡು ಅಶ್ವಶಕ್ತಿಯ ಮೇಲೇ ಕಣ್ಣು.

ಬಿಚ್ಚುವುದು ಕಷ್ಟವಿರಲಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳೇ ಎಲ್ಲವನ್ನೂ ನಿರ್ಧರಿಸುತ್ತವೆ. ಹೊಗೆಯ ಕಿಂಡಿಯನ್ನು ಅರದಿಂದ ಉಜ್ಜಿ ಎತ್ತರಿಸಿದರೆ, ಹೊಟ್ಟೆ ಉಬ್ಬಿದ ರೇಸಿಂಗ್ ಸೈಲೆನ್ಸರ್ ಹಾಕಿದರೆ, ಎಂಜಿನ್ ಜೋರಾಗಿ ತಿರುಗುವಾಗ ಶಕ್ತಿ ಉಕ್ಕುತ್ತದೆ. ಹೊಸ ಎಂಜಿನ್ನೇ ಬೇಕಿಲ್ಲ. ಅನುಭವಿ ಕೈಯೊಂದಿದ್ದರೆ ಸಾಕು. ಇದು ಲಾಭದ ಪುಟ.

ಖರ್ಚಿನ ಪುಟ ಆಮೇಲೆ ತೆರೆಯುತ್ತಿತ್ತು. ಕಿಂಡಿ ಎತ್ತರಿಸಿದಷ್ಟೂ ನಿಧಾನ ಓಡಿಸುವಾಗಿನ ಎಳೆತ ಕುಗ್ಗುತ್ತದೆ. ಊರೊಳಗಿನ ಟ್ರಾಫಿಕ್ಕಿನಲ್ಲಿ ಬೈಕು ಮುಗ್ಗರಿಸುತ್ತದೆ. ಸೈಲೆನ್ಸರ್ ಬದಲಿಸಿ ಕಾರ್ಬ್ಯುರೇಟರಿನ ಜೆಟ್ ಬದಲಿಸದಿದ್ದರೆ ಗಾಳಿಗೆ ತಕ್ಕ ಪೆಟ್ರೋಲು ಸಿಗದೆ ಎಂಜಿನ್ ವಿಪರೀತ ಕಾಯುತ್ತದೆ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡರೆ ಓಡುತ್ತಿರುವ ಬೈಕಿನ ಹಿಂದಿನ ಚಕ್ರ ಅಲ್ಲೇ ಬಿಗಿದು ನಿಲ್ಲಬಹುದು. ಎಲ್ಲಕ್ಕಿಂತ ದೊಡ್ಡ ಬಾಕಿ ಬ್ರೇಕಿನದು. ವೇಗ ಗಂಟೆಗೆ 100 ಕಿ.ಮೀ.ನಿಂದ 140ಕ್ಕೆ ಏರಿದರೆ, ನಿಲ್ಲಿಸುವಾಗ ಬ್ರೇಕು ತಡೆದುಕೊಳ್ಳಬೇಕಾದ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಎಂಜಿನ್ ಜಪಾನಿನದಾಗುತ್ತಿತ್ತು, ಬ್ರೇಕು ಇಲ್ಲಿಯದೇ ಉಳಿಯುತ್ತಿತ್ತು.

ಚೆನ್ನೈ ಬಳಿಯ ಶೋಳವರಂನ ಹಳೆಯ ವಿಮಾನಪಟ್ಟಿಯಲ್ಲಿ ರೇಸ್ ನಡೆಯುತ್ತಿದ್ದ ಕಾಲದಲ್ಲಿ ಈ ಲೆಕ್ಕ ಸರಿಹೋಗುತ್ತಿತ್ತು. ಅಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ಎಂಜಿನ್ ಬಿಚ್ಚಿ ನೋಡಲು ಜನರಿರುತ್ತಾರೆ, ಆಯಸ್ಸನ್ನು ರೇಸಿನ ಲೆಕ್ಕದಲ್ಲಿ ಅಳೆಯುತ್ತಾರೆ. ಅದೇ ಎಂಜಿನ್ ಪುಣೆ–ಬೆಂಗಳೂರು ಹೆದ್ದಾರಿಗೆ ಇಳಿದಾಗ ಲೆಕ್ಕ ತಪ್ಪುತ್ತಿತ್ತು.

ಕಾನೂನು ಈ ಕಡೆ ಬಂದದ್ದು ನಿಧಾನವಾಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಬದಲಾವಣೆಗೆ ಮಿತಿ ಹಾಕುತ್ತದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಖಚಿತವಾಗಿ ಹೇಳಿತು.

ಅಷ್ಟರಲ್ಲಿ ಮಾರುಕಟ್ಟೆ ತನ್ನದೇ ತೀರ್ಪು ಕೊಟ್ಟಾಗಿತ್ತು. ಇಂದು ದೆಹಲಿಯ ಕರೋಲ್ ಬಾಗ್, ಚೆನ್ನೈನ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆಗಳಲ್ಲಿ ಈ ಬೈಕಿನ ಭಾಗ ಹುಡುಕುವವರಿಗೆ ಬೇಕಾದದ್ದು ಅರ ಮುಟ್ಟದ ಸಿಲಿಂಡರ್. ಜೆಟ್ ಬದಲಿಸಬಹುದು, ಹಳೆಯ ಸೈಲೆನ್ಸರ್ ಮರಳಿ ಕೂರಿಸಬಹುದು; ಉಜ್ಜಿ ತೆಗೆದ ಲೋಹವನ್ನು ಮೊದಲಿದ್ದಂತೆ ಕೂರಿಸುವುದು ಸುಲಭವಲ್ಲ. ಎಂಜಿನ್ನಿಗೆ ಕೈ ಹಾಕುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಯೂ ಅಲ್ಲಿಯೇ ಇದೆ: ಎಷ್ಟು ಶಕ್ತಿ ಸಿಗುತ್ತದೆ ಎಂಬುದಲ್ಲ, ಯಾವುದನ್ನು ಹಿಂದಕ್ಕೆ ಪಡೆಯಬಹುದು ಎಂಬುದು.